ರಾಟ್‌ವೈಲರ್ ಮರಿಗೆ ಎಷ್ಟು ಊಟ, ಎಂಥ ಊಟ? ಭೀಮನಿಗೆ ಆದದ್ದು ಗೌರಿಗೆ ಆಗಬಾರದು

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಒಂಟಿ ಮನೆ, ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಹಂದಿ, ಮಂಗ ಇದ್ದದ್ದೇ. ಸುಗ್ಗಿಯಲ್ಲಿ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಆಗ ಕಳ್ಳರ ಭಯವೂ ಇರುತ್ತದೆ. ಹಾಗಾಗಿ ನಾಯಿ ನಮಗೆ ಶೋಕಿ ಅಲ್ಲ, ಮನೆಯ ಕೆಲಸದವರಲ್ಲಿ ಒಬ್ಬರು.

ಮೊನ್ನೆ ಗೌರಿ ಬಂದಳು. ರಾಟ್‌ವೈಲರ್ ಹೆಣ್ಣು ಮರಿ, ಒಂಬತ್ತು ವಾರ, ಆರೂವರೆ ಕಿಲೋ. ಅವಳ ಜೊತೆಗೆ ಅಂಗಡಿಯವರು ಒಂದು ಚೀಲ ಕೊಟ್ಟರು. ಅದರಲ್ಲಿ ಮರಿಗಳ ಒಣ ಆಹಾರ, ಕ್ಯಾಲ್ಸಿಯಂ ಸಿರಪ್ ಎರಡು ಬಾಟಲಿ, ಒಂದು ಡಬ್ಬಿ ಪ್ರೋಟೀನ್ ಪುಡಿ. "ದೊಡ್ಡ ಜಾತಿ ಅಲ್ವಾ, ಎಲುಬು ಗಟ್ಟಿ ಆಗಬೇಕು, ದಿನಾ ಎರಡು ಹೊತ್ತು ಹಾಕಿ" ಅಂದರು.

ಆ ಬಾಟಲಿ ನೋಡಿದ ಕೂಡಲೇ ನನಗೆ ಭೀಮನ ನೆನಪಾಯಿತು. ಅವನು ನಮ್ಮ ಹಿಂದಿನ ರಾಟ್‌ವೈಲರ್. ಅವನಿಗೂ ಇದೇ ಮಾತು ಹೇಳಿದ್ದರು. ನಾವು ಸಿರಪ್ ಹಾಕಿದೆವು. ಒಣ ಆಹಾರವನ್ನು ಅಳತೆ ಇಲ್ಲದೆ ತಟ್ಟೆ ತುಂಬ ಸುರಿದೆವು. ಖಾಲಿಯಾದರೆ ಮತ್ತೆ ಹಾಕಿದೆವು, ಅದರ ಮೇಲೆ ಹಾಲನ್ನ ಬೇರೆ. ಆರು ತಿಂಗಳಿಗೆ ನಲವತ್ತೆರಡು ಕಿಲೋ! ಬಂದವರೆಲ್ಲ "ಎಂಥ ನಾಯಿ!" ಅಂದರು. ನಾವು ಹಿಗ್ಗಿದೆವು.

ಏಳನೇ ತಿಂಗಳಲ್ಲಿ ಮುಂಗಾಲು ಕುಂಟಲು ಶುರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಎರಡೂ ಮೊಣಕೈ ಕೀಲು ಸರಿಯಾಗಿ ಕೂಡಿಲ್ಲ ಅಂದರು. ವಂಶದಿಂದಲೂ ಬರುತ್ತದಂತೆ. ಆದರೆ ಆ ಕೀಲಿನ ಮೇಲೆ ಅಷ್ಟು ತೂಕವನ್ನು ಅಷ್ಟು ಬೇಗ ಹೇರಿದ್ದು ನಾವು. ಆಮೇಲೆ ಐದು ವರ್ಷ ನೋವಿನ ಮಾತ್ರೆಯಲ್ಲೇ ಬದುಕಿದ. ಮಳೆಗಾಲದ ಬೆಳಗ್ಗೆ ಏಳುವುದಕ್ಕೇ ಹತ್ತು ನಿಮಿಷ ಬೇಕಾಗುತ್ತಿತ್ತು. ಆದರೂ ಗೇಟಿನ ಸದ್ದಾದರೆ ಎದ್ದು ಹೋಗುತ್ತಿದ್ದ.

ಈ ಸಲ ತಪ್ಪು ಮಾಡಬಾರದು ಅಂತ ಕೇಳುತ್ತಿದ್ದೇನೆ. ಸಿರಪ್ ಹಾಕಬೇಕಾ? ದಿನಕ್ಕೆ ಎಷ್ಟು ಊಟ? ರಾಗಿ ಕೊಡಬಹುದಾ? ಒಂದು ಮಾತು, ನಮ್ಮ ಮನೆ ಸಸ್ಯಾಹಾರಿ. ಅಡುಗೆಮನೆಗೆ ಮೊಟ್ಟೆ ಬರುವ ಹಾಗಿಲ್ಲ.

ಹುಬ್ಬಳ್ಳಿ ಶೆಫರ್ಡ್

ಭೀಮನ ವಿಷಯ ಓದಿ ಬೇಜಾರಾಯಿತು. ನಮ್ಮ ಮನೆಯಲ್ಲಿ ಆದದ್ದು ಇದರ ತಿರುವುಮುರುವು. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ "ಕ್ಯಾಲ್ಸಿಯಂ ಬೇಡವೇ ಬೇಡ" ಅಂತ ಅರ್ಧ ಓದಿ ಹೋಗುವವರೂ ಇರುತ್ತಾರೆ.

ನಮ್ಮ ಜರ್ಮನ್ ಶೆಫರ್ಡ್ ಮರಿಗೆ ಮನೆಯಲ್ಲೇ ಬೇಯಿಸಿದ ಕೋಳಿ, ಅನ್ನ, ಮಧ್ಯೆ ಮಧ್ಯೆ ಲಿವರ್. ಬೇರೆ ಏನೂ ಇಲ್ಲ. ಎಲುಬು ಗಂಟಲಿಗೆ ಸಿಕ್ಕೀತು ಅಂತ ಎಲ್ಲ ತೆಗೆದು ಬರೀ ಮಾಂಸ ಹಾಕುತ್ತಿದ್ದೆವು. ಮೈ ಹೊಳೆಯುತ್ತಿತ್ತು, ಆಟ ಆಡುತ್ತಿತ್ತು. ನಾಲ್ಕನೇ ತಿಂಗಳಲ್ಲಿ ಮುಂಗಾಲು ಬಿಲ್ಲಿನ ಹಾಗೆ ಬಾಗಿದವು. ಒಂದು ದಿನ ಮಂಚದಿಂದ ಹಾರಿದ್ದಕ್ಕೇ ಕಾಲು ಮುರಿಯಿತು. ಎಕ್ಸ್‌ರೇಯಲ್ಲಿ ಎಲುಬು ತೆಳ್ಳಗೆ, ಮಬ್ಬಾಗಿ ಕಾಣುತ್ತಿತ್ತು. ಕ್ಯಾಲ್ಸಿಯಂ ಸಾಲದೆ ದೇಹ ತನ್ನ ಎಲುಬಿನಿಂದಲೇ ಅದನ್ನು ಕಿತ್ತು ಬಳಸಿಕೊಂಡಿತ್ತು. ಪುಣ್ಯಕ್ಕೆ ಊಟ ಸರಿಮಾಡಿದ ಮೇಲೆ ಸುಧಾರಿಸಿತು, ಈಗ ಒಂಬತ್ತು ವರ್ಷ.

ಹಾಗಾಗಿ ಸಿರಪ್ ಪ್ರಶ್ನೆಗೆ ಮುಂಚೆ ತಟ್ಟೆಯಲ್ಲಿ ಏನಿದೆ ಅಂತ ಕೇಳಬೇಕು.

ದನದ ಡಾಕ್ಟ್ರು

ಮೇಲಿನ ಕೊನೆಯ ಮಾತು ಸರಿ. ನಾನು ಹಾಸನ ಜಿಲ್ಲೆಯಲ್ಲಿ ಪಶುವೈದ್ಯೆ. ದಿನಕ್ಕೆ ಒಂದಾದರೂ ಸಿರಪ್ ಬಾಟಲಿ ನೋಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಚಿಕ್ಕ ಜಾತಿಯ ನಾಯಿ ಹತ್ತು ತಿಂಗಳಿಗೆಲ್ಲ ಬೆಳೆದು ನಿಲ್ಲುತ್ತದೆ. ರಾಟ್‌ವೈಲರ್ ಒಂದೂವರೆಯಿಂದ ಎರಡು ವರ್ಷ ಬೆಳೆಯುತ್ತದೆ. ಅರ್ಧ ಕಿಲೋ ಸುತ್ತಮುತ್ತ ಹುಟ್ಟಿದ ಮರಿ ಎರಡೇ ವರ್ಷದಲ್ಲಿ ನಲವತ್ತು, ಐವತ್ತು ಕಿಲೋ ಆಗಬೇಕು. ಆ ಓಟದಲ್ಲಿ ಎಲುಬಿನ ತುದಿಯ ಮೃದು ಭಾಗ ನಿಧಾನವಾಗಿ ಗಟ್ಟಿಯಾಗಬೇಕು. ಊಟ ಜಾಸ್ತಿಯಾದರೆ ಮೈ ಮುಂದೆ ಓಡುತ್ತದೆ, ಕೀಲು ಹಿಂದೆ ಉಳಿಯುತ್ತದೆ.

ಈಗ ಕ್ಯಾಲ್ಸಿಯಂ. ಬೆಳೆದ ನಾಯಿಯ ಕರುಳು ಬೇಕಾದಷ್ಟು ಹೀರಿಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಸುಮಾರು ಆರು ತಿಂಗಳ ಒಳಗಿನ ಮರಿಗೆ ಆ ತಡೆ ಸರಿಯಾಗಿ ಬಂದಿರುವುದಿಲ್ಲ. ಕೊಟ್ಟದ್ದರಲ್ಲಿ ಹೆಚ್ಚಿನ ಪಾಲು ಒಳಗೆ ಹೋಗುತ್ತದೆ, ಬೇಡ ಅನ್ನಲು ಅದಕ್ಕೆ ಆಗುವುದಿಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಜಾಸ್ತಿ ಕ್ಯಾಲ್ಸಿಯಂ ತಿಂದ ಮರಿಗಳ ಎಲುಬೇ ಕೆಟ್ಟವು. ಸಿರಪ್‌ನ ಹಿಂದಿನ ಚೀಟಿ ನೋಡಿ, ವಿಟಮಿನ್ ಡಿ3 ಕೂಡ ಇರುತ್ತದೆ. ಅದು ಕ್ಯಾಲ್ಸಿಯಂ ಹೀರುವುದನ್ನು ಇನ್ನೂ ಹೆಚ್ಚಿಸುತ್ತದೆ.

ಎಷ್ಟು ಬೇಕು? ಬೆಳೆಯುವ ದೊಡ್ಡ ಜಾತಿ ಮರಿಗೆ ಪ್ರತಿ 1000 ಕ್ಯಾಲೊರಿ ಊಟದಲ್ಲಿ ಸುಮಾರು 3 ಗ್ರಾಂ ಕ್ಯಾಲ್ಸಿಯಂ ಇರಬೇಕು. 4.5 ಗ್ರಾಂ ದಾಟಬಾರದು. ಕ್ಯಾಲ್ಸಿಯಂ ಮತ್ತು ರಂಜಕದ ಪ್ರಮಾಣ ಒಂದಕ್ಕೊಂದು ಸಮ ಇರಬೇಕು, ಇಲ್ಲವೇ ಕ್ಯಾಲ್ಸಿಯಂ ಸ್ವಲ್ಪ ಮೇಲಿರಬೇಕು. ದೊಡ್ಡ ಜಾತಿ ಮರಿಗೆ ಅಂತಲೇ ಮಾಡಿದ ಒಣ ಆಹಾರದಲ್ಲಿ ಈ ಲೆಕ್ಕ ಮೊದಲೇ ಕೂಡಿರುತ್ತದೆ. ಅದರ ಮೇಲೆ ಸಿರಪ್ ಹಾಕಿದರೆ ಸರಿಯಾಗಿ ಉಪ್ಪು ಬಿದ್ದ ಸಾರಿಗೆ ಮತ್ತೆ ಉಪ್ಪು ಹಾಕಿದ ಹಾಗೆ.

ಹುಬ್ಬಳ್ಳಿಯವರ ತಟ್ಟೆ ಬೇರೆ. 100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ 15ರ ಆಸುಪಾಸು. ಅನ್ನದಲ್ಲಿ ಇನ್ನೂ ಕಡಿಮೆ. ಅಲ್ಲಿ ಕ್ಯಾಲ್ಸಿಯಂ ಸೇರಿಸಲೇಬೇಕಿತ್ತು, ಅದೂ ಲೆಕ್ಕ ಹಾಕಿ.

ತೋಟದಮನೆಯವರೇ, ನಿಮ್ಮ ಚೀಲದಲ್ಲಿರುವ ಒಣ ಆಹಾರದ ಮೇಲೆ "ದೊಡ್ಡ ಜಾತಿ ಮರಿ" ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಸಿರಪ್ ಎರಡೂ ಬಾಟಲಿ ಪಕ್ಕಕ್ಕಿಡಿ. ಪ್ರೋಟೀನ್ ಪುಡಿಯೂ ಬೇಡ. ಪ್ರೋಟೀನ್ ಕೀಲು ಕೆಡಿಸುತ್ತದೆ ಅನ್ನುವ ಹಳೇ ನಂಬಿಕೆ ಸುಳ್ಳು. ಆದರೆ ಅದರ ಕ್ಯಾಲೊರಿಯೂ ಲೆಕ್ಕಕ್ಕೆ ಬರುತ್ತದೆ.

ಊಟದ ಅಳತೆಗೆ ಫೋನಿನ ಕ್ಯಾಲ್ಕುಲೇಟರ್ ಸಾಕು. ತೂಕವನ್ನು ಮೂರು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿ. ಗೌರಿಗೆ 6.5 × 6.5 × 6.5 ಅಂದರೆ ಸುಮಾರು 275. ವರ್ಗಮೂಲ 16.6, ಮತ್ತೊಂದು ಸಲ 4.07. ಅದನ್ನು 70ರಿಂದ ಗುಣಿಸಿದರೆ 285. ಇದು ಸುಮ್ಮನೆ ಮಲಗಿರಲು ಬೇಕಾದ ಕ್ಯಾಲೊರಿ. ನಾಲ್ಕು ತಿಂಗಳವರೆಗೆ ಇದರ ಮೂರು ಪಟ್ಟು, ಆಮೇಲೆ ಎರಡು ಪಟ್ಟು. ಗೌರಿಗೆ ಈಗ ದಿನಕ್ಕೆ 855. ಒಣ ಆಹಾರ ಕಿಲೋಗೆ 3700 ಕ್ಯಾಲೊರಿ ಇದ್ದರೆ ಸುಮಾರು 230 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿ. ಲೋಟದಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ. ವಾರಕ್ಕೊಮ್ಮೆ ಮರಿಯನ್ನೂ ತೂಗಿ ಲೆಕ್ಕ ಹೊಸದಾಗಿ ಹಾಕಿ.

ಲೆಕ್ಕಕ್ಕಿಂತ ದೊಡ್ಡದು ನಿಮ್ಮ ಕೈ. ಪಕ್ಕೆಯ ಮೇಲೆ ಅಂಗೈ ಆಡಿಸಿ. ಮುಷ್ಟಿ ಹಿಡಿದಾಗ ಬೆರಳ ಗೆಣ್ಣಿನ ಮೇಲೆ ಸವರಿದ ಹಾಗೆ ಗಟ್ಟಿಯಾಗಿ, ಎದ್ದು ಸಿಕ್ಕಿದರೆ ಸಣ್ಣಗಾಗಿದೆ. ಬಿಚ್ಚಿದ ಕೈಯ ಹಿಂಬದಿ ಸವರಿದ ಹಾಗೆ ಎಲುಬು ಸುಲಭವಾಗಿ ಸಿಗಬೇಕು, ಕಣ್ಣಿಗೆ ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು. ಮರಿ ಅಂದರೆ ಗುಂಡಗಿರಬೇಕು ಅನ್ನುವುದನ್ನು ದೊಡ್ಡ ಜಾತಿಯಲ್ಲಿ ಮರೆತುಬಿಡಿ.

ಜಯನಗರ ಡಾಬಿ

ಡಾಕ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ನಾಯಿ ತೋಳದ ವಂಶ ಅಲ್ವಾ? ಒಣ ಕಾಳು, ರಾಗಿ ಇದೆಲ್ಲ ಯಾಕೆ? ನನ್ನ ಡೋಬರ್‌ಮನ್‌ಗೆ ಮೂರು ವರ್ಷದಿಂದ ಹಸಿ ಮಾಂಸ, ಹಸಿ ಎಲುಬು. ಹಲ್ಲು ಬೆಳ್ಳಗಿದೆ, ಮಲ ಕಡಿಮೆ.

ದನದ ಡಾಕ್ಟ್ರು

ನಿಮ್ಮ ನಾಯಿ ಚೆನ್ನಾಗಿರುವುದು ಸಂತೋಷ. ಆದರೆ ತೋಳದಿಂದ ನಾಯಿ ಬಹಳ ದೂರ ಬಂದಿದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದು ಇದು. ಪಿಷ್ಟ ಕರಗಿಸುವ ಅಮೈಲೇಸ್ ಮಾಡುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಜಾಸ್ತಿ. ಮನುಷ್ಯರ ಜೊತೆ ಬಾಳಿ, ನಮ್ಮ ಅನ್ನ ಮುದ್ದೆ ಅರಗಿಸಲು ಕಲಿತಿದೆ. ಚೆನ್ನಾಗಿ ಬೆಂದಿರಬೇಕು ಅಷ್ಟೇ.

ಬೆಳೆದ ನಾಯಿಯ ವಿಷಯ ಬೇರೆ, ಮರಿಯ ವಿಷಯ ಬೇರೆ. ಮರಿಯಲ್ಲಿ ಎಲುಬಿನ ಅಳತೆ ಹೆಚ್ಚು ಕಡಿಮೆ ಆದರೆ ಜೀವನಪೂರ್ತಿ ಅನುಭವಿಸಬೇಕು. ನಮ್ಮ ಸೆಕೆಯಲ್ಲಿ, ಅಂಗಡಿಯಲ್ಲಿ ತೂಗುಹಾಕಿದ ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಅವರಿಗೂ ಅಪಾಯ. ಬೇಯಿಸಿದ ಕೋಳಿ ಎಲುಬನ್ನಂತೂ ಯಾರೂ ಕೊಡಬೇಡಿ. ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ.

ಕಡಲತಡಿ

ನಾವು ಕುಂದಾಪುರದವರು, ನಮ್ಮಲ್ಲಿ ಮೀನೇ ನಾಯಿಯ ಊಟ. ಭೂತಾಯಿ ಮೀನನ್ನು ಉಪ್ಪು ಖಾರ ಹಾಕದೆ ಕುಕ್ಕರ್‌ನಲ್ಲಿ ಅರ್ಧ ಗಂಟೆಗೂ ಜಾಸ್ತಿ ಬೇಯಿಸಿ. ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಆ ಮುಳ್ಳಿನಲ್ಲೂ ಕ್ಯಾಲ್ಸಿಯಂ ಇದೆ. ಮೀನೆಣ್ಣೆ ಕೀಲಿಗೂ ಕೂದಲಿಗೂ ಒಳ್ಳೆಯದು. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ ಇರುತ್ತದೆ, ಹಸಿ ಮೀನು ಸಿಗುವುದು ಕಷ್ಟ. ಆಗ ಒಣಮೀನು ಹಾಕಬೇಡಿ. ಅದರಲ್ಲಿ ವಿಪರೀತ ಉಪ್ಪು.

ತೋಟದಮನೆ

ಎಲ್ಲರಿಗೂ ಧನ್ಯವಾದ. ಚೀಲದ ಮೇಲೆ "ದೊಡ್ಡ ಜಾತಿ ಮರಿ" ಅಂತ ಇದೆ. ಸಿರಪ್ ಕಪಾಟಿನ ಮೇಲಿನ ಅಟ್ಟಕ್ಕೆ ಹೋಯಿತು.

ಈಗ ನಿಜವಾದ ಕಷ್ಟ ಹೇಳುತ್ತೇನೆ. ಅಮ್ಮ. ಅಮ್ಮನಿಗೆ ಬಡಿಸುವುದು ಅಂದರೆ ಪ್ರೀತಿ. ಯಾರೇ ಬರಲಿ, ಸಾಕು ಅಂದ ಮೇಲೆ ಇನ್ನೊಂದು ಸೌಟು ಹಾಕದಿದ್ದರೆ ಅವರಿಗೆ ಸಮಾಧಾನ ಇಲ್ಲ. ಗೌರಿ ಐವತ್ತೈದು ಗ್ರಾಂ ಕಾಳನ್ನು ಅರ್ಧ ನಿಮಿಷದಲ್ಲಿ ಮುಗಿಸಿ ತಲೆ ಎತ್ತಿ ನೋಡುತ್ತಾಳೆ. ಅಮ್ಮನ ಕಣ್ಣಲ್ಲಿ ನೀರು ಬರುತ್ತದೆ. "ಮಗುವಿಗೆ ಅರೆಹೊಟ್ಟೆ ಹಾಕ್ತೀಯಲ್ಲೋ" ಅನ್ನುತ್ತಾರೆ. ನಾನಿಲ್ಲದಾಗ ರಾಗಿ ಗಂಜಿ ಹಾಕುತ್ತಾರೆ ಅಂತ ಕಾಣುತ್ತದೆ. "ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಿಮ್ಮ ಡಾಕ್ಟ್ರು ಕ್ಯಾಲ್ಸಿಯಂ ಬೇಕು ಅಂದಿದ್ದಾರಲ್ಲ" ಅಂತ ವಾದ.

ದನದ ಡಾಕ್ಟ್ರು

ಅಮ್ಮನಿಗೆ ಬೇಸರ ಮಾಡಬೇಡಿ. ಲೆಕ್ಕ ತೋರಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದಕ್ಕೆ ಸಾಟಿ ಇಲ್ಲ, ಅವರು ಹೇಳುವುದು ನಿಜ. ಆದರೆ ಗೌರಿಗೆ ಈಗ ದಿನಕ್ಕೆ ಸುಮಾರು 2.6 ಗ್ರಾಂ ಬೇಕು. ಅಷ್ಟೂ ರಾಗಿಯಿಂದಲೇ ಬರಬೇಕಾದರೆ ಏಳುನೂರು ಗ್ರಾಂ ಹಿಟ್ಟು ಬೇಕು. ಅದರಲ್ಲಿ ಕ್ಯಾಲೊರಿ 2200ಕ್ಕೂ ಮೇಲೆ, ಅವಳಿಗೆ ಬೇಕಾದದ್ದರ ಎರಡೂವರೆ ಪಟ್ಟು! ಅದೂ ಅಲ್ಲದೆ ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಕ್ಯಾಲ್ಸಿಯಂ, ಸತು ಎರಡನ್ನೂ ಕಟ್ಟಿಹಾಕುತ್ತದೆ. ಬರೀ ಮುದ್ದೆ, ಗಂಜಿ ತಿಂದು ಬೆಳೆದ ನಾಯಿಗಳಲ್ಲಿ ಕಣ್ಣು, ಬಾಯಿಯ ಸುತ್ತ ಚರ್ಮ ದಪ್ಪಗಟ್ಟಿ ಒಡೆಯುವುದನ್ನು ನೋಡಿದ್ದೇನೆ. ಅದು ಸತು ಕಡಿಮೆಯಾದ ಗುರುತು. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ, ಇಲ್ಲವೇ ಅಂಬಲಿ ಹುಳಿ ಬರಿಸಿದರೆ ಫೈಟೇಟ್ ಸ್ವಲ್ಪ ಇಳಿಯುತ್ತದೆ.

ಹಾಗಂತ ರಾಗಿ ಪೂರ್ತಿ ಬಿಡಬೇಕಿಲ್ಲ. ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ಅಮ್ಮನ ಪಾಲು ಅಂತ ಇಡಿ. ಈಗ ಸುಮಾರು 85 ಕ್ಯಾಲೊರಿ, ಅಂದರೆ ಹಿಟ್ಟಿನ ಲೆಕ್ಕದಲ್ಲಿ 25 ಗ್ರಾಂ. ತೆಳ್ಳಗೆ ಗಂಜಿ ಮಾಡಿದರೆ ದೊಡ್ಡ ಬಟ್ಟಲು ತುಂಬುತ್ತದೆ, ಅಮ್ಮನಿಗೂ ತೃಪ್ತಿ. ಅಷ್ಟು ಒಣ ಆಹಾರ ಕಡಿಮೆ ಮಾಡಿ. ಹಾಲು ಬೇಡ, ಬೇಧಿ ಆಗಬಹುದು. ಮೊಸರು, ಮಜ್ಜಿಗೆ ಸ್ವಲ್ಪ ಆಗಬಹುದು.

ಪೂರ್ತಿ ಸಸ್ಯಾಹಾರದಲ್ಲಿ ಇಷ್ಟು ದೊಡ್ಡ ಮರಿಯನ್ನು ಮನೆಯ ಅಡುಗೆಯಿಂದಲೇ ಬೆಳೆಸಲು ಹೋಗಬೇಡಿ. ಪೋಷಣೆ ತಜ್ಞರು ಗ್ರಾಂ ಗ್ರಾಂ ಲೆಕ್ಕ ಹಾಕಿ ಕೊಟ್ಟರೆ ಮಾತ್ರ ಆಗುತ್ತದೆ. ಒಣ ಆಹಾರದ ಮೇಲೆ ಇದ್ದರೆ ನಿಮ್ಮ ಅಡುಗೆಮನೆಗೆ ಮೊಟ್ಟೆ ಬರುವ ಅಗತ್ಯವೇ ಇಲ್ಲ.

ಅಮ್ಮನಿಗೆ ಇನ್ನೊಂದು ವಿಷಯ ಹೇಳಿ. ಅಮೆರಿಕದಲ್ಲಿ ಪ್ಯೂರಿನಾ ಕಂಪನಿಯವರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಸಾಕಿದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದು ತಿಂದದ್ದಕ್ಕಿಂತ ಕಾಲು ಭಾಗ ಕಡಿಮೆ ಊಟ. ಬದುಕಿಡೀ ಹಾಗೆಯೇ. 2002ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಹೆಚ್ಚು ತಿಂದ ಗುಂಪಿನ ಮಧ್ಯಮ ಆಯಸ್ಸು 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಕೀಲು ನೋವೂ ಕಡಿಮೆ ತಿಂದವುಗಳಿಗೆ ತುಂಬ ತಡವಾಗಿ ಬಂತು. ನಾಯಿಯ ಬದುಕಿನಲ್ಲಿ ಎರಡು ವರ್ಷಕ್ಕೆ ಹತ್ತಿರ ಅಂದರೆ ಎಷ್ಟು ಅಂತ ಭೀಮನನ್ನು ನೋಡಿಕೊಂಡವರಿಗೆ ಗೊತ್ತಿರುತ್ತದೆ.

ಮುಧೋಳ ಸೀಮೆ

ಅಮ್ಮನ ಮಾತು ಓದಿ ನಮ್ಮ ಓಣಿ ನೆನಪಾಯಿತು. ನಮ್ಮದು ಮುಧೋಳ ತಳಿ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ನಮಗೆ ಹತ್ತಿರ. ಬೆಂಗಳೂರಿನಿಂದ ಬಂದ ನೆಂಟರು ಪ್ರತಿ ಸಲ "ನಾಯಿಗೆ ಊಟ ಹಾಕೋದಿಲ್ಲೇನು?" ಅಂತ ಕೇಳುತ್ತಾರೆ. ಬೇಟೆ ನಾಯಿ, ಗಾಳಿ ಸೀಳಿ ಓಡಬೇಕು. ಅದರ ಪಕ್ಕೆಲುಬು ಸ್ವಲ್ಪ ಕಾಣುವುದೇ ಸರಿ. ರಾಟ್‌ವೈಲರ್ ನಾಯಿಯ ಪಕ್ಕೆ ಹಾಗೆ ಕಾಣಬಾರದು, ಅದು ಬೇರೆ ಮೈಕಟ್ಟು. ಆದರೆ ತಿಂಡಿ ಹಾಕಿ ದಪ್ಪ ಮಾಡಿದ ಮುಧೋಳ ಎರಡು ಸುತ್ತು ಓಡಿದರೆ ಏದುಸಿರು ಬಿಡುತ್ತದೆ. ನಾನು ನೋಡಿದ್ದೇನೆ. ನಮ್ಮ ಅಜ್ಜ ಜೋಳದ ನುಚ್ಚು, ಒಂದು ಮೊಟ್ಟೆ, ಮಜ್ಜಿಗೆ ಕೊಟ್ಟು ಸಾಕಿದವರು. ಓಡಿಸುವ ಮುಂಚೆ ಎಂದೂ ಉಣ್ಣಿಸುತ್ತಿರಲಿಲ್ಲ.

ಕಾಫಿಗಿಡ

ಕೊನೆಯ ಸಾಲು ಓದಿ ಬರೆಯುತ್ತಿದ್ದೇನೆ. ಈ ವಿಷಯ ಬರೆಯುವುದು ಕಷ್ಟ, ಆದರೂ ಬರೆಯಬೇಕು.

ಸಕಲೇಶಪುರದ ಮೇಲೆ ನಮ್ಮ ಎಸ್ಟೇಟ್. ನಮ್ಮದು ಗಂಡು ರಾಟ್‌ವೈಲರ್, ನಾಲ್ಕು ವರ್ಷ. ದಿನಕ್ಕೆ ಒಂದೇ ಊಟ ಕೊಡುತ್ತಿದ್ದೆವು, ಸಂಜೆ, ದೊಡ್ಡ ಬಟ್ಟಲು ತುಂಬ. ಅವನು ನುಂಗುವವನು, ಜಗಿಯುತ್ತಿರಲಿಲ್ಲ. ಅವತ್ತು ಉಂಡ ಕೂಡಲೇ ಹಂದಿ ಸದ್ದಾಯಿತು, ತೋಟಕ್ಕೆ ಓಡಿದ. ಒಂದು ಗಂಟೆ ಬಿಟ್ಟು ಬಂದ. ಕೂರಲು ಆಗುತ್ತಿಲ್ಲ, ನಿಲ್ಲಲು ಆಗುತ್ತಿಲ್ಲ. ವಾಂತಿ ಮಾಡಲು ನೋಡುತ್ತಾನೆ, ಬರೀ ನೊರೆ. ಹೊಟ್ಟೆ ಮುಟ್ಟಿದರೆ ಡೋಲಿನ ಹಾಗೆ ಬಿಗಿ. ನಾವು ಅಜೀರ್ಣ ಅಂದುಕೊಂಡೆವು. ಓಮದ ಕಷಾಯ ಕುಡಿಸಿದೆವು. ಬೆಳಗಾಗಲಿ ನೋಡೋಣ ಅಂದೆವು.

ಬೆಳಗಾಗಲಿಲ್ಲ. ಹೊಟ್ಟೆ ಗಾಳಿ ತುಂಬಿ ಉಬ್ಬಿ, ತನ್ನ ಸುತ್ತ ತಾನೇ ತಿರುಚಿಕೊಂಡಿತ್ತಂತೆ. ರಕ್ತ ಓಡಾಟವೇ ನಿಂತುಹೋಗುತ್ತದಂತೆ. ಆಗಲೇ ಹೊರಟಿದ್ದರೆ ಆಪರೇಷನ್ ಮಾಡಿ ಉಳಿಸಬಹುದಿತ್ತು.

ದಯವಿಟ್ಟು ಈ ಗುರುತುಗಳನ್ನು ಮನೆಯ ಎಲ್ಲರಿಗೂ, ತೋಟದ ಆಳುಗಳಿಗೂ ಹೇಳಿಡಿ. ಬರದ ವಾಂತಿ, ನೊರೆ, ಬಿಗಿದ ಹೊಟ್ಟೆ. ಇದು ಕಂಡರೆ ರಾತ್ರಿ ಎಷ್ಟು ಹೊತ್ತಾದರೂ ಗಾಡಿ ತೆಗೆಯಿರಿ.

ದನದ ಡಾಕ್ಟ್ರು

ನೀವು ಬರೆದದ್ದು ಒಳ್ಳೆಯದಾಯಿತು. ಎದೆ ಆಳವಾಗಿರುವ ಎಲ್ಲ ದೊಡ್ಡ ನಾಯಿಗಳಿಗೂ ಈ ಅಪಾಯ ಇದೆ. ಬೆಳೆದ ಮೇಲೂ ದಿನಕ್ಕೆ ಎರಡು ಸಲ ಹಂಚಿ ಕೊಡಿ, ಒಂದೇ ದೊಡ್ಡ ಊಟ ಬೇಡ. ನುಂಗುವ ನಾಯಿಗೆ ಗುಬುಟು ಇರುವ ತಟ್ಟೆ ಸಿಗುತ್ತದೆ. ಇಲ್ಲದಿದ್ದರೆ ಅಗಲ ತಟ್ಟೆಯ ಮಧ್ಯೆ ಒಂದು ದೊಡ್ಡ, ನುಂಗಲಾಗದ ಗುಂಡುಕಲ್ಲು ಇಡಿ. ಉಂಡ ಮೇಲೆ ಒಂದು ಗಂಟೆಯಾದರೂ ಕಟ್ಟಿ ಮಲಗಿಸಿ. ಎತ್ತರದ ಸ್ಟ್ಯಾಂಡ್ ಮೇಲೆ ಬಟ್ಟಲು ಇಟ್ಟರೆ ಒಳ್ಳೆಯದು ಅಂತ ಮಾರುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಬಟ್ಟಲಿನಲ್ಲಿ ತಿನ್ನುವ ನಾಯಿಗಳಿಗೇ ಈ ಅಪಾಯ ಜಾಸ್ತಿ ಕಂಡಿತು. ನೆಲದ ಮೇಲೇ ಇಡಿ.

ಗೌರಿಗೆ ಮುಂದೆ ಸಂತಾನಹರಣ ಮಾಡಿಸುವುದಾದರೆ ಅದೇ ಹೊತ್ತಿಗೆ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿಗೆ ಹಾಕಿಸಬಹುದಾ ಅಂತ ಕೇಳಿ. ಹೊಟ್ಟೆ ಉಬ್ಬಿದರೂ ತಿರುಚುವ ಸಾಧ್ಯತೆ ತುಂಬ ಕಡಿಮೆಯಾಗುತ್ತದೆ. ಆಪರೇಷನ್ ಆದ ಮೇಲೆ ಊಟದ ಬೇಡಿಕೆ ಇಳಿಯುತ್ತದೆ, ಅಳತೆ ಇಳಿಸುವುದನ್ನು ಮರೆಯಬೇಡಿ.

ನೆಕ್ಕರ್ ತೀರ

ನಾನು ಧಾರವಾಡದವಳು, ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ಇದೇ ನೆಕ್ಕರ್ ನದಿಯ ದಂಡೆಯ ಮೇಲೆ ರಾಟ್‌ವೈಲ್ ಊರು. ಈ ನಾಯಿಯ ಹೆಸರು ಬಂದದ್ದು ಅಲ್ಲಿಂದ. ಊರಲ್ಲಿ ಅದರ ಪ್ರತಿಮೆ ಇದೆ. ದನದ ವ್ಯಾಪಾರದ ಊರು ಅದು. ಮಾಂಸದ ವ್ಯಾಪಾರಿಗಳು ದನ ಹೊಡೆದುಕೊಂಡು ಹೋಗಲು, ಗಾಡಿ ಎಳೆಯಲು ಈ ನಾಯಿ ಸಾಕುತ್ತಿದ್ದರು. "ಕಟುಕರ ನಾಯಿ" ಅಂತಲೇ ಕರೆಯುತ್ತಿದ್ದರು. ದನಗಳು ರೈಲಿನಲ್ಲಿ ಹೋಗಲು ಶುರುವಾದ ಮೇಲೆ ಕೆಲಸ ಹೋಗಿ ತಳಿಯೇ ಕಡಿಮೆಯಾಯಿತು. 1910ರಲ್ಲಿ ಪೊಲೀಸ್ ನಾಯಿ ಅಂತ ಮಾನ್ಯತೆ ಸಿಕ್ಕಿ ಮತ್ತೆ ಎದ್ದಿತು. ಇಲ್ಲಿನ ತಳಿ ಸಂಘ 1921ರಿಂದ ಇದೆ. ಸೊಂಟ, ಮೊಣಕೈ ಎಕ್ಸ್‌ರೇ ತೆಗೆಸದೆ ಸಂಘದಲ್ಲಿ ಮರಿ ಹಾಕಿಸಲು ಬಿಡುವುದಿಲ್ಲ.

ನನಗೆ ಇಲ್ಲಿ ಕಣ್ಣಿಗೆ ಬಿದ್ದದ್ದು ನಾಯಿಗಳ ಗಾತ್ರ. ನಮ್ಮಲ್ಲಿ ಅರವತ್ತು ಕಿಲೋ ರಾಟ್‌ವೈಲರ್ ಅಂದರೆ ಹೆಮ್ಮೆ. ತಳಿಯ ಅಳತೆಪಟ್ಟಿಯಲ್ಲಿ ಗಂಡು ಸುಮಾರು 50, ಹೆಣ್ಣು ಸುಮಾರು 42 ಕಿಲೋ ಅಷ್ಟೇ. ದಿನವಿಡೀ ದನದ ಹಿಂದೆ ನಡೆಯುವ ನಾಯಿ ಅದಕ್ಕಿಂತ ಭಾರ ಇದ್ದಿದ್ದರೆ ಸಂಜೆಯವರೆಗೆ ಬಾಳುತ್ತಿರಲಿಲ್ಲ. ಗೌರಿಯ ತಂದೆ ತಾಯಿಯ ಎಕ್ಸ್‌ರೇ ಇದೆಯಾ ಕೇಳಿ ನೋಡಿ.

ತೋಟದಮನೆ

ಕೇಳಿದೆ, ಇಲ್ಲ ಅಂದರು. ಮುಂಚೆಯೇ ಕೇಳಬೇಕಿತ್ತು.

ಡಾಕ್ಟ್ರೇ, ತೋಟದಲ್ಲಿ ಸಿಗುವ ವಸ್ತುಗಳ ಬಗ್ಗೆ ಒಂದು ಮಾತು ಹೇಳಿ. ಗೌರಿ ಹಸಿ ಅಡಿಕೆ ಕಚ್ಚಿಕೊಂಡು ಓಡುತ್ತಾಳೆ. ಅಮ್ಮ ಸಾರನ್ನವನ್ನೂ ಹಾಕುವ ಯೋಚನೆಯಲ್ಲಿದ್ದಾರೆ.

ದನದ ಡಾಕ್ಟ್ರು

ಅಡಿಕೆಯನ್ನು ಬಾಯಿಂದ ಬಿಡಿಸಿ ತೆಗೆದುಬಿಡಿ. ಅದರಲ್ಲಿರುವ ಅರೆಕೊಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳು ಕೆಡವಲು ಔಷಧಿಯಾಗಿ ಕೊಡುತ್ತಿದ್ದರು. ವಾಂತಿ, ಬೇಧಿ, ಜೊಲ್ಲು ಎಲ್ಲ ಜೋರಾಗುತ್ತದೆ ಅಂತಲೇ ಆಮೇಲೆ ಬಿಟ್ಟರು. ಮರಿಗೆ ಅದು ವಿಷ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ಬೇಡ, ಎರಡೂ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಟ್ಟದ್ದು, ಹಾಗಾಗಿ ಪಾಯಸ ಹಾಕುವಾಗ ಜ್ಞಾಪಕ ಇರಲಿ. ಕಾಫಿ ಬೀಜ, ಚಾಕೊಲೇಟ್ ಬೇಡ. ಮಾವಿನ ಓಟೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಲಸಿನ ಬೀಜದ ಬಗ್ಗೆಯೂ ಹುಷಾರು.

ಮಲೆನಾಡಿನಲ್ಲಿ ಮರಿ ಊಟ ಬಿಟ್ಟರೆ ಊಟ ಬದಲಾಯಿಸುತ್ತ ಕೂರಬೇಡಿ. ಮೈಮೇಲೆ ಉಣ್ಣೆ ಇದೆಯಾ ನೋಡಿ, ವಸಡು ಬಿಳಿಚಿದೆಯಾ ನೋಡಿ, ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆ ಜ್ವರ ಮೊದಲು ತೋರುವುದೇ ತಟ್ಟೆಯ ಮುಂದೆ.

ತೋಟದಮನೆ

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಗೌರಿಗೆ ಆರು ತಿಂಗಳು ದಾಟಿತು.

ತೂಕ ನಿನ್ನೆ 25 ಕಿಲೋ. ಅಡಿಕೆ ತೂಗುವ ಯಂತ್ರದ ಮೇಲೆ ಹತ್ತಿ ಕೂರುವುದನ್ನು ತಾನೇ ಕಲಿತಿದ್ದಾಳೆ. ಭಾನುವಾರ ಬೆಳಗ್ಗೆ ಯಂತ್ರ ಹೊರಗೆ ತಂದರೆ ಓಡಿ ಬರುತ್ತಾಳೆ. ಡಾಕ್ಟ್ರು ಹೇಳಿದ ಲೆಕ್ಕ ಈಗ ಬಾಯಿಪಾಠ. 25ನ್ನು ಮೂರು ಸಲ ಗುಣಿಸಿದರೆ 15625, ವರ್ಗಮೂಲ ಸರಿಯಾಗಿ 125, ಮತ್ತೆ 11.18. ಎಪ್ಪತ್ತರಿಂದ ಗುಣಿಸಿ ಎರಡು ಪಟ್ಟು ಮಾಡಿದರೆ 1565 ಕ್ಯಾಲೊರಿ. ನಾವು ಒಣ ಆಹಾರ 380 ಗ್ರಾಂ ಕೊಡುತ್ತೇವೆ, ಮೂರು ಹೊತ್ತು. ಉಳಿದದ್ದು ಅಮ್ಮನ ಪಾಲು. ಮಧ್ಯೆ ಒಂದು ತಿಂಗಳು ಪಕ್ಕೆ ಕೈಗೆ ಸಿಗುವುದು ಕಡಿಮೆಯಾಗಿತ್ತು, ಮೂವತ್ತು ಗ್ರಾಂ ಇಳಿಸಿದೆವು, ಮತ್ತೆ ಸರಿಹೋಯಿತು.

ಭೀಮ ಇದೇ ವಯಸ್ಸಿನಲ್ಲಿ 42 ಇದ್ದ. ಗಂಡು, ಹೆಣ್ಣು ವ್ಯತ್ಯಾಸ ಬಿಟ್ಟರೂ ಅಷ್ಟು ಅಂತರ ನೋಡಿದರೆ ಎದೆ ಹಿಂಡುತ್ತದೆ.

ಪಕ್ಕದ ತೋಟದವರು ಮೊನ್ನೆ ಬಂದಾಗ "ಮರಿ ಯಾಕೋ ಸಣ್ಣ ಆಯ್ತಲ್ಲ, ರಾಟ್‌ವೈಲರ್ ಹೌದಾ ಇದು?" ಅಂದರು. ನಾನು ಉತ್ತರ ಹುಡುಕುತ್ತಿದ್ದೆ. ಅಮ್ಮ ಒಳಗಿಂದ ಬಂದು, "ಬಿಚ್ಚಿದ ಕೈ ಹಿಂದೆ ಮುಟ್ಟಿ ನೋಡು, ಹಾಗೇ ಇರಬೇಕು ಅಂತ ಡಾಕ್ಟ್ರು ಹೇಳಿದ್ದಾರೆ" ಅಂತ ಅವರ ಕೈ ಹಿಡಿದು ಗೌರಿಯ ಪಕ್ಕೆಗೆ ಇಡಿಸಿದರು. ಗೌರಿ ಬಾಲದ ಬುಡ ಅಲ್ಲಾಡಿಸುತ್ತ ನಿಂತಿದ್ದಳು.

ಹಳೇ ತಟ್ಟೆ ಭೀಮನದು, ಹಿತ್ತಾಳೆಯದು, ತುಂಬ ದೊಡ್ಡದು. ಅದರಲ್ಲಿ ನೂರಿಪ್ಪತ್ತು ಗ್ರಾಂ ಹಾಕಿದರೆ ತಳದಲ್ಲಿ ಕಾಣುವುದೇ ಇಲ್ಲ, ನೋಡಿದವರ ಕೈ ತಡೆಯುವುದಿಲ್ಲ. ಹಾಗಾಗಿ ಗೌರಿಗೆ ಚಿಕ್ಕ ಸ್ಟೀಲ್ ತಟ್ಟೆ ತಂದೆವು. ಭೀಮನ ತಟ್ಟೆಯಲ್ಲಿ ಈಗ ನೀರು ಇಡುತ್ತೇವೆ, ಅದನ್ನು ಅಮ್ಮ ಎಷ್ಟು ಸಲ ಬೇಕಾದರೂ ತುಂಬಿಸಬಹುದು.

ಮುಂದಿನ ವಾರ ಶಿವಮೊಗ್ಗದಲ್ಲಿ ಮೊಣಕೈ ಎಕ್ಸ್‌ರೇ. ಕುಂಟುತ್ತಿಲ್ಲ, ಆದರೂ ತೆಗೆಸುತ್ತಿದ್ದೇವೆ. ಚಿತ್ರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಡಾಕ್ಟ್ರೇ, ನೀವೂ ನೋಡಿ ಹೇಳಿ.